ಮಿಕ್ಕ ಹೊನ್ನಿನ ಲೆಕ್ಕ: ಶ್ರವಣಬೆಳಗೊಳದ ಶಾಸನಗಳಲ್ಲಿ ಜೀರ್ಣೋದ್ಧಾರದ ಹಣಕಾಸು

ಶ್ರವಣಬೆಳಗೊಳದ ಬುಕ್ಕರಾಯನ ಶಾಸನ ಯಾರಿಗೆ ಗೊತ್ತಿಲ್ಲ ಹೇಳಿ? ಶಕ 1290, ಕೀಲಕ ಸಂವತ್ಸರ, ಅಂದರೆ ಕ್ರಿ.ಶ. 1368. ಶಾಲೆಯ ಪಠ್ಯದಿಂದ ಹಿಡಿದು ವೇದಿಕೆಯ ಭಾಷಣದವರೆಗೆ ಜೈನ-ಶ್ರೀವೈಷ್ಣವ ಒಪ್ಪಂದದ ಶಾಸನ ಎಂದೇ ಅದಕ್ಕೆ ಹೆಸರು. ಅರಸ ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿಟ್ಟ, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಈ ಭಾಗವನ್ನು ನಾವೆಲ್ಲ ಉದಾಹರಿಸ್ತೇವೆ, ಅಲ್ಲಿಗೆ ಓದು ನಿಲ್ಲಿಸಿಬಿಡ್ತೇವೆ.

ಶಾಸನ ಮಾತ್ರ ಅಲ್ಲಿಗೆ ನಿಲ್ಲೋದಿಲ್ಲ. ಅದರ ಮುಂದಿನ ಸಾಲುಗಳಲ್ಲಿರುವುದು ದುಡ್ಡಿನ ವಿಷಯ. ಯಾರು ಕೊಡಬೇಕು, ಎಷ್ಟು ಕೊಡಬೇಕು, ಯಾರು ಸಂಗ್ರಹಿಸಬೇಕು, ಮೊದಲು ಯಾವುದಕ್ಕೆ ಖರ್ಚು ಮಾಡಬೇಕು, ಉಳಿದದ್ದು ಎಲ್ಲಿಗೆ ಹೋಗಬೇಕು, ತಪ್ಪಿದರೆ ಏನಾಗುತ್ತೆ ಎಂಬುದೆಲ್ಲ ಅಲ್ಲಿದೆ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ, ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ನಿಂತ ಒಂದು ನಿಧಿಯ ನಿಯಮಾವಳಿ ಅದು. ಆ ದೃಷ್ಟಿಯಿಂದ ಈ ಶಾಸನವನ್ನೂ, ಅದೇ ಊರಿನ ಅದರ ಹಿಂದುಮುಂದಿನ ಒಂದೆರಡು ಶಾಸನಗಳನ್ನೂ ಓದಿದರೆ ಏನು ಸಿಗುತ್ತೆ ಅನ್ನೋದು ಈ ಬರಹದ ವಿಷಯ.

ಮೊದಲು ಹೊಯ್ಸಳರ ಕಾಲದ ವ್ಯವಸ್ಥೆ ನೋಡೋಣ. ಆಗಿನ ದತ್ತಿಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಬಾಯಿಪಾಠವಾಗಿರುತ್ತೆ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ದೇವರ ಪೂಜೆ, ನೈವೇದ್ಯ, ಋಷಿಗಳ ಆಹಾರದಾನ ಇವುಗಳ ಸಾಲಿನಲ್ಲೇ ಈ ಮಾತೂ ಬರುತ್ತೆ. ಪದೇ ಪದೇ ಬರುವುದರಿಂದ ನಾವು ಅದನ್ನು ರೂಢಿಯ ಮಾತು ಎಂದು ದಾಟಿ ಹೋಗ್ತೇವೆ. ಆದರೆ ಸ್ವಲ್ಪ ಯೋಚಿಸಿ. ಕಟ್ಟಡ ಹೊಸದಾಗಿ ನಿಂತ ದಿನವೇ, ಇದು ಮುಂದೊಂದು ದಿನ ಬಿರುಕು ಬಿಡುತ್ತೆ ಎಂದು ಒಪ್ಪಿಕೊಂಡು ಅದಕ್ಕೆ ಭೂಮಿ ಬಿಟ್ಟಿದ್ದಾರೆ. ದುರಸ್ತಿಯನ್ನು ಆಕಸ್ಮಿಕ ಅಂತ ಅವರು ತಿಳಿದಿರಲಿಲ್ಲ. ನೈವೇದ್ಯದ ಅಕ್ಕಿಯ ಹಾಗೆ ಅದೂ ಖಾಯಂ ಖರ್ಚು.

ಬೆಳಗೊಳದ ಭಂಡಾರಿ ಬಸದಿ ಇದಕ್ಕೆ ಒಳ್ಳೆಯ ಉದಾಹರಣೆ. ಕಟ್ಟಿಸಿದವನು ಹುಳ್ಳ, ಹೊಯ್ಸಳ ನರಸಿಂಹನ ಹಿರಿಯ ಭಂಡಾರಿ. ಅವನ ಹುದ್ದೆಯಿಂದಲೇ ಬಸದಿಗೆ ಆ ಹೆಸರು. 1159ರ ಶಾಸನದ ಪ್ರಕಾರ ನರಸಿಂಹ ಬಸದಿಗೆ ‘ಭವ್ಯಚೂಡಾಮಣಿ’ ಎಂಬ ಹೆಸರಿಟ್ಟು ಸವಣೇರು ಎಂಬ ಊರನ್ನು ದತ್ತಿಯಾಗಿ ಕೊಟ್ಟ. ಮುಂದೆ ಎರಡನೆಯ ಬಲ್ಲಾಳನ ಕಾಲದಲ್ಲಿ ಇದೇ ಹುಳ್ಳ ಸವಣೇರಿನ ದತ್ತಿಯನ್ನು ಮತ್ತೆ ದೃಢಪಡಿಸಿಕೊಂಡ, ಬೆಕ್ಕ ಮತ್ತು ಕಗ್ಗೆರೆ ಎಂಬ ಊರುಗಳನ್ನೂ ಸೇರಿಸಿಕೊಂಡ. ಖಜಾನೆ ನೋಡಿಕೊಂಡವನಿಗೆ ಗೊತ್ತಿತ್ತು: ಅರಸು ಬದಲಾದಾಗ ಹಳೆಯ ದತ್ತಿಗೆ ಹೊಸ ಒಪ್ಪಿಗೆ ಬೇಕು, ಖರ್ಚು ಬೆಳೆದಾಗ ಆದಾಯದ ಮೂಲವೂ ಬೆಳೆಯಬೇಕು. ಬಂಕಾಪುರದಲ್ಲಿ ಹಾಳಾಗಿದ್ದ ಬಸದಿಯನ್ನು ಎತ್ತಿ ನಿಲ್ಲಿಸಿದವನೂ ಇವನೇ. ಹಾಳಾದದ್ದನ್ನು ಕಂಡ ಅನುಭವ ಅವನಿಗಿತ್ತು.

ಭೂಮಿಯಲ್ಲದೆ ಇನ್ನೊಂದು ದಾರಿಯೂ ಇತ್ತು, ಬಡ್ಡಿ. 13ನೆಯ ಶತಮಾನದ ಬೆಳಗೊಳದ ಕೆಲವು ಚಿಕ್ಕ ಶಾಸನಗಳು ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗೆ ಇಂತಿಷ್ಟು ಗದ್ಯಾಣ ಮೂಲವಾಗಿ ಇಟ್ಟದ್ದನ್ನು ಹೇಳುತ್ವೆ. ಮೂಲಧನ ಮುಟ್ಟುವ ಹಾಗಿಲ್ಲ, ಬಡ್ಡಿಯಿಂದ ಹಾಲು ಬರಬೇಕು. ಈಗಿನ ಟ್ರಸ್ಟುಗಳು ಮೂಲನಿಧಿ ಎಂದು ಕರೆಯುವುದು ಇದನ್ನೇ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಹಾಲಿಗೆ, ದೀಪಕ್ಕೆ, ಹೂವಿಗೆ ಹೀಗೆ ಬಿಡಿ ಬಿಡಿಯಾಗಿ ದುಡ್ಡಿಟ್ಟವರು ಎಷ್ಟೋ ಮಂದಿ. ದುರಸ್ತಿಗೇ ಅಂತ ಪ್ರತ್ಯೇಕವಾಗಿ ಇಟ್ಟವರು ಕಡಿಮೆ. ದುರಸ್ತಿ ಸಾಮಾನ್ಯವಾಗಿ ಪಟ್ಟಿಯಲ್ಲಿ ಒಂದು ಪದ, ಅದಕ್ಕೆ ಪಾಲು ಎಷ್ಟು ಎಂಬುದು ಬಹಳಷ್ಟು ಕಡೆ ನಮೂದಾಗಿಲ್ಲ.

ಈಗ 1368ಕ್ಕೆ ಬರೋಣ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ತೀರ್ಪಿನ ಮೊದಲ ಭಾಗ ಹಕ್ಕಿನದು. ಪಂಚಮಹಾವಾದ್ಯ, ಕಲಶ ಜೈನ ದರ್ಶನಕ್ಕೆ ಹಿಂದಿನಂತೆಯೇ ಸಲ್ಲಬೇಕು ಎಂದಾಯ್ತು. ಎರಡನೆಯ ಭಾಗ ಹಣದ್ದು. ಅದನ್ನು ಅಂಶ ಅಂಶವಾಗಿ ಬಿಡಿಸಿದರೆ ಹೀಗೆ:

ಆದಾಯ: ರಾಜ್ಯದಲ್ಲಿರುವ ಜೈನರು ಮನೆಗೊಂದರಂತೆ, ಬಾಗಿಲ ಲೆಕ್ಕದಲ್ಲಿ, ವರ್ಷಕ್ಕೆ ಒಂದು ಹಣ ಕೊಡಬೇಕು. ಸಿರಿವಂತನ ಮನೆಗೂ ಬಡವನ ಮನೆಗೂ ಅದೇ ಒಂದು ಹಣ.

ಆಡಳಿತ: ಈ ಹಣವನ್ನು ನಿರ್ವಹಿಸುವವನು ಜೈನನಲ್ಲ. ತಿರುಮಲೆಯ ತಾತಯ್ಯ, ಶ್ರೀವೈಷ್ಣವ. ಆದರೆ ಸಮಸ್ತ ರಾಜ್ಯದ ಜೈನರ ಒಪ್ಪಿಗೆಯಿಂದ ಎಂಬುದನ್ನು ಶಾಸನ ಸ್ಪಷ್ಟವಾಗಿ ಸೇರಿಸಿದೆ.

ಖರ್ಚು: ಮೊದಲು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸೊದೆ ಹಾಕಿಸಬೇಕು.

ಅವಧಿ: ಚಂದ್ರಸೂರ್ಯರಿರುವ ತನಕ, ವರ್ಷ ವರ್ಷವೂ.

ದಂಡನೆ: ಈ ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ. ತಪಸ್ವಿಯೇ ಆಗಲಿ, ಊರ ಗ್ರಾಮಣಿಯೇ ಆಗಲಿ, ಈ ಧರ್ಮವನ್ನು ಕೆಡಿಸಿದರೆ ಗಂಗೆಯ ತಡಿಯಲ್ಲಿ ಗೋವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪ.

ಪ್ರಕಟಣೆ: ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನೆಡಿಸಬೇಕು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ಅಂದರೆ ಹಿಂದಿನ ಕಲ್ಲೇಹದಲ್ಲಿ, ಇದೇ ಒಪ್ಪಂದದ ಇನ್ನೊಂದು ಪ್ರತಿ ಸಿಕ್ಕಿರೋದು ಈ ಆಜ್ಞೆ ಕಾಗದದ ಮಾತಾಗಿರಲಿಲ್ಲ ಅನ್ನೋದಕ್ಕೆ ಸಾಕ್ಷಿ.

ಸೊದೆ ಎಂದರೆ ಬರೀ ಸುಣ್ಣದ ಬಿಳುಪು ಅಂದುಕೊಳ್ಳಬೇಡಿ. ಇಟ್ಟಿಗೆಯ ಶಿಖರಕ್ಕೂ ಕಲ್ಲುಚಪ್ಪಡಿಯ ಮಾಳಿಗೆಗೂ ಸುಣ್ಣದ ಗಾರೆಯೇ ಮಳೆಗೆ ಅಡ್ಡ. ಅದು ಬಿರುಕು ಬಿಟ್ಟರೆ ನೀರು ಇಳಿಯುತ್ತೆ, ನೀರಿನ ಹಿಂದೆ ಬೇರು ಇಳಿಯುತ್ತೆ, ಬೇರು ಇಳಿದ ಮೇಲೆ ಕಲ್ಲು ಸರಿಯೋದಕ್ಕೆ ತಡ ಆಗಲ್ಲ. ಕೆಲವೇ ವರ್ಷಕ್ಕೊಮ್ಮೆ ಮಾಡುವ ಸಣ್ಣ ಖರ್ಚು ದೊಡ್ಡ ಖರ್ಚನ್ನು ತಪ್ಪಿಸುತ್ತೆ. ಶಾಸನ ಬರೆಸಿದವರಿಗೆ ಇದು ತಿಳಿದಿತ್ತು. ಹೊಸ ಬಸದಿ ಕಟ್ಟಿಸಿ ಎಂದು ಅದರಲ್ಲಿ ಹೇಳಿಲ್ಲ, ಇರುವುದಕ್ಕೆ ಸೊದೆ ಹಾಕಿಸಿ ಎಂದಿದೆ.

ಆಡಳಿತದ ಏರ್ಪಾಡೂ ಸೂಕ್ಷ್ಮವಾದದ್ದು. ಜಗಳದ ಎದುರು ಪಕ್ಷದವನನ್ನೇ ಧರ್ಮದರ್ಶಿ ಮಾಡಿದ್ದಾರೆ. ಜೈನ ದರ್ಶನದ ಹಾನಿವೃದ್ಧಿಯನ್ನು ವೈಷ್ಣವರು ತಮ್ಮ ಹಾನಿವೃದ್ಧಿ ಎಂದೇ ತಿಳಿಯಬೇಕು ಅಂತ ಮೇಲಿನ ಸಾಲಿನಲ್ಲಿದೆ. ಆ ಮಾತಿಗೆ ಕೈಕಾಲು ಬಂದದ್ದು ಇಲ್ಲಿ. ಕಾವಲುಗಾರರನ್ನು ನೇಮಿಸುವ ಹೊಣೆ ಅವರದೇ ಆದರೆ, ಕಾವಲು ತಪ್ಪಿದಾಗ ಕೇಳಬೇಕಾದ್ದೂ ಅವರನ್ನೇ. ಇದರಲ್ಲಿ ಇನ್ನೊಂದು ಮುಖವೂ ಇದೆ, ಮುಚ್ಚಿಡಬಾರದು. ದುಡ್ಡು ಕೊಡುವವರು ಜೈನರು, ಖರ್ಚು ಮಾಡುವವರು ಬಲಾಢ್ಯ ಪಕ್ಷದವರು. ತಮ್ಮ ರಕ್ಷಣೆಗೆ ತಾವೇ ಬೆಲೆ ತೆತ್ತ ಹಾಗಾಯ್ತಲ್ಲ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅನ್ಯಾಯದ್ದಲ್ಲ.

ಈ ನಿಯಮಾವಳಿಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ‘ಮಿಕ್ಕ’ ಎಂಬ ಪದದಲ್ಲಿದೆ. ಇಪ್ಪತ್ತಾಳಿನ ಸಂಬಳ ನಿಶ್ಚಿತ, ದುರಸ್ತಿಗೆ ಉಳಿದದ್ದು. ವಸೂಲಿ ಚೆನ್ನಾಗಿ ಆದ ವರ್ಷ ಸೊದೆ, ಬರಗಾಲದ ವರ್ಷ ಬರೀ ಕಾವಲು. ಲೆಕ್ಕ ಯಾರಿಗೆ, ಯಾವಾಗ ಒಪ್ಪಿಸಬೇಕು ಎಂಬ ಮಾತೂ ಇಲ್ಲ. ಪಾಪದ ಭಯ ಇದೆ, ಲೆಕ್ಕದ ಪುಸ್ತಕ ಇಲ್ಲ. ಶಾಸನದ ಕೊನೆಯಲ್ಲಿ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬಿಜಯಂಗೈಸಿ ಜೀರ್ಣೋದ್ಧಾರ ಮಾಡಿಸಿದ ವಿಷಯ ಬರುತ್ತೆ. ಎರಡೂ ಸಮಯದವರು ಸೇರಿ ಅವನಿಗೆ ‘ಸಂಘನಾಯಕ’ ಪಟ್ಟ ಕಟ್ಟಿದರಂತೆ. ನಿಧಿ ಇದ್ದರೂ, ಬೆನ್ನು ಹತ್ತಿ ಕೆಲಸ ಮಾಡಿಸೋದಕ್ಕೆ ಒಬ್ಬ ಸೆಟ್ಟಿ ಬೇಕಾಯ್ತು ಅನ್ನೋದನ್ನ ಗಮನಿಸಿ.

ಲೆಕ್ಕ ಕೇಳುವವರಿಲ್ಲದಿದ್ದರೆ ಏನಾಗುತ್ತೆ? ಅದಕ್ಕೂ ಬೆಳಗೊಳದಲ್ಲೇ ಶಾಸನ ಇದೆ. ಶಕ 1556, ಭಾವ ಸಂವತ್ಸರ, ಅಂದರೆ 1634. ಮೈಸೂರಿನ ಚಾಮರಾಜ ಒಡೆಯರ ಕಾಲ. ಗುಮ್ಮಟನಾಥಸ್ವಾಮಿಯ ದತ್ತಿಭೂಮಿಗಳನ್ನು ನೋಡಿಕೊಳ್ಳಬೇಕಾದ ಸ್ಥಾನಿಕರೇ ಕಷ್ಟಕ್ಕೆ ಸಿಕ್ಕಿ ಅವನ್ನು ವರ್ತಕರಿಗೆ ಅಡವು ಹಾಕಿಬಿಟ್ಟಿದ್ದರು. ಅಡವು ಹಿಡಿದವರು ಬಹುಕಾಲ ಅದರ ಫಲ ಅನುಭವಿಸಿಕೊಂಡು ಬಂದಿದ್ದರು. ಚಾಮರಾಜ ಒಡೆಯರು ಹೊಸವೊಳಲಿನ ಚನ್ನಣ್ಣ ಮೊದಲಾದ ಅಡವುದಾರರನ್ನು ಕರೆಸಿ, ನಿಮ್ಮ ಸಾಲ ನಾವು ತೀರಿಸ್ತೇವೆ ಎಂದರು. ಅವರು ಹಣ ಬೇಡ ಎಂದು, ತಂದೆತಾಯಿಗಳ ಪುಣ್ಯಕ್ಕಾಗಲಿ ಎಂದು ಅಡವನ್ನು ಧಾರೆ ಎರೆದು ಬಿಟ್ಟುಕೊಟ್ಟರು. ಆಮೇಲೆ ಬಂದದ್ದು ಮುಖ್ಯವಾದ ಕಟ್ಟಳೆ: ಇನ್ನು ಮುಂದೆ ದೇವರ ಆಸ್ತಿಯನ್ನು ಅಡವು ಹಾಕುವ ಸ್ಥಾನಿಕನೂ ತಪ್ಪಿತಸ್ಥ, ಅಡವು ಹಿಡಿದು ಸಾಲ ಕೊಡುವವನೂ ತಪ್ಪಿತಸ್ಥ. ಈ ವಿಷಯಕ್ಕೆ ತಾಮ್ರಪಟವೂ ಇದೆ, ಕಲ್ಲೂ ಇದೆ. ಕೊಟ್ಟವನಿಗೂ ತೆಗೆದುಕೊಂಡವನಿಗೂ ಒಂದೇ ನಿಷೇಧ ಹಾಕಿದ್ದು ಆಡಳಿತದ ಅನುಭವದಿಂದ ಹುಟ್ಟಿದ ಮಾತು. ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಬುಕ್ಕರಾಯನ ಶಾಸನದಲ್ಲಿ ಇಲ್ಲದಿದ್ದ ಷರತ್ತು ಇದು, ಏಟು ತಿಂದ ಮೇಲೆ ಬಂದದ್ದು.

ಇಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ, ನಮ್ಮ ಕಾಲಕ್ಕೆ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದತಿ ಕಾಯ್ದೆಯಿಂದ ಹಳೆಯ ಮೈಸೂರು ಸೀಮೆಯ ದೇವಾಲಯಗಳ ಇನಾಮು ಭೂಮಿ ಸರ್ಕಾರಕ್ಕೆ ಸೇರಿತು, ಬದಲಿಗೆ ತಸ್ತೀಕು ಎಂಬ ವಾರ್ಷಿಕ ಹಣ ಬಂತು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಭೂಮಿಯ ಫಸಲು ಬೆಲೆಯ ಜೊತೆ ಏರುತ್ತಿತ್ತು, ನಿಗದಿ ಮಾಡಿದ ನಗದು ಹಾಗೆ ಏರಲಿಲ್ಲ. ಕಾಲಕಾಲಕ್ಕೆ ತಸ್ತೀಕು ಹೆಚ್ಚಿಸಿದರೂ ಅದು ಪೂಜೆ ಪುನಸ್ಕಾರಕ್ಕೆ ಎಂದೇ ಉಳಿಯಿತು. ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಬಾಬ್ತು ಪಟ್ಟಿಯಿಂದ ಸದ್ದಿಲ್ಲದೆ ಬಿದ್ದುಹೋಯ್ತು.

ಆ ಜಾಗ ತುಂಬೋದಕ್ಕೆ ಹೊಸ ಸಂಸ್ಥೆಗಳು ಬಂದವು. 1984ರಲ್ಲಿ ದೆಹಲಿಯಲ್ಲಿ ಇಂಟ್ಯಾಕ್ ಶುರುವಾಯ್ತು. 1991ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಹುಟ್ಟಿತು. ಕರ್ನಾಟಕದ ಪ್ರಾಚೀನ ದೇವಾಲಯಗಳನ್ನು ಸರ್ಕಾರ, ಟ್ರಸ್ಟ್, ಊರಿನವರು 40:40:20ರ ಪಾಲಿನಲ್ಲಿ ಜೀರ್ಣೋದ್ಧಾರ ಮಾಡುವ ಪದ್ಧತಿ ಅಲ್ಲಿಂದ ಬಂದದ್ದು. 1996ರಲ್ಲಿ 1890ರ ಧರ್ಮಾದಾಯ ದತ್ತಿ ಕಾಯ್ದೆಯಡಿ ಕೇಂದ್ರದ ರಾಷ್ಟ್ರೀಯ ಸಂಸ್ಕೃತಿ ನಿಧಿ ಸ್ಥಾಪನೆಯಾಯ್ತು. ಅಲ್ಲಿ ದಾನಿ ತನ್ನ ಹಣ ಯಾವ ಸ್ಮಾರಕಕ್ಕೆ ಹೋಗಬೇಕು ಎಂದು ಹೇಳಬಹುದು, ಕೆಲಸದ ಸಮಿತಿಯಲ್ಲಿ ಅವನ ಪ್ರತಿನಿಧಿಗೂ ಜಾಗ ಇದೆ, ಲೆಕ್ಕವನ್ನು ಮಹಾಲೇಖಪಾಲರು ನೋಡ್ತಾರೆ. 1368ರಲ್ಲಿ ಕಾಣದ ಲೆಕ್ಕಪುಸ್ತಕ ಇಲ್ಲಿದೆ. ಊರಿನವರ 20ರ ಪಾಲು ನನಗೆ ಮನೆಗೊಂದು ಹಣವನ್ನೇ ನೆನಪಿಸುತ್ತೆ. ತನ್ನ ಕೈಯಿಂದ ಒಂದು ಪಾಲು ಕೊಟ್ಟವನು ಆಮೇಲೆ ಬಂದು ಕೇಳ್ತಾನೆ.

ಆದರೂ ಒಂದು ತೊಡಕು ಹಾಗೇ ಉಳಿದಿದೆ. ಇವತ್ತಿನ ಹಣ ಬಹುಪಾಲು ಕಾಮಗಾರಿಗೆ ಬರುವ ಹಣ. ಬಿದ್ದದ್ದನ್ನು ಎತ್ತಿ ನಿಲ್ಲಿಸೋಕೆ ದಾನಿಗಳು ಸಿಗ್ತಾರೆ, ಫಲಕದಲ್ಲಿ ಹೆಸರು ಬರುತ್ತೆ. ಎತ್ತಿ ನಿಲ್ಲಿಸಿದ ಐದನೆಯ ವರ್ಷ ಮಾಳಿಗೆ ಹತ್ತಿ ಗಿಡ ಕೀಳಿಸೋಕೆ ಯಾರ ಫಲಕವೂ ಇಲ್ಲ. ನಾನು ಬಲ್ಲ ಒಂದು ಊರಿನಲ್ಲಿ, ಹೆಸರು ಬೇಡ, ಹೊಯ್ಸಳರ ಕಾಲದ ಗುಡಿಯ ಮುಂದೆ ಸ್ವಾಗತ ಕಮಾನು ಕಟ್ಟಲು ಸಮಿತಿಗೆ ಕೆಲವೇ ತಿಂಗಳಲ್ಲಿ ದುಡ್ಡು ಕೂಡಿತು. ಅದೇ ಗುಡಿಯ ಮಾಳಿಗೆಯ ಅರಳಿ ಸಸಿ ಎರಡು ಮಳೆಗಾಲ ಕಳೆದರೂ ಅಲ್ಲೇ ಇತ್ತು. ಕೇಳಿದರೆ, ಆ ಬಾಬ್ತಿಗೆ ಹಣ ಇಲ್ಲ ಸಾರ್ ಅಂದರು. ಸೋರುವ ನೀರು ಬೀಳ್ತಾ ಇದ್ದದ್ದು ನವರಂಗದಲ್ಲಿ ಒರಗಿಸಿಟ್ಟ ಶಾಸನದ ಕಲ್ಲಿನ ಮೇಲೆ. ನಾನು ಓದಬೇಕೆಂದು ಹೋದ ಕಲ್ಲು ಅದೇ. ಕೆಳಗಿನ ನಾಲ್ಕು ಸಾಲಿನ ಅಕ್ಷರ ಪಾಚಿಯಲ್ಲಿ ಕೂತುಬಿಟ್ಟಿತ್ತು. ಓದಲು ಸಿಕ್ಕ ಭಾಗದಲ್ಲಿ ಖಂಡಸ್ಫುಟಿತ ಎಂಬ ಮಾತು ಚೆನ್ನಾಗಿಯೇ ಕಾಣ್ತಿತ್ತು.

ಶಾಸನಗಳ ಕೊನೆಯಲ್ಲಿ ಬರುವ ಒಂದು ಪ್ರಸಿದ್ಧ ಶ್ಲೋಕದ ತಾತ್ಪರ್ಯ ಎಲ್ಲರಿಗೂ ಗೊತ್ತು. ಕೊಡುವುದು, ಕಾಪಾಡುವುದು ಎರಡರಲ್ಲಿ ಕಾಪಾಡುವುದೇ ಹೆಚ್ಚು, ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅದಕ್ಕೂ ಮೇಲಿನ ಪದವಿ ಎನ್ನುತ್ತೆ ಅದು. ಇದನ್ನು ನೀತಿಯ ಮಾತು ಎಂದು ಓದಿ ಬಿಡಬಹುದು. ಲೆಕ್ಕದ ಮಾತಾಗಿಯೂ ಓದಬಹುದು. ಯಾವುದೇ ಸಂರಕ್ಷಣಾ ಟ್ರಸ್ಟಿನ ವಾರ್ಷಿಕ ಲೆಕ್ಕಪತ್ರ ಕೈಗೆ ಬಂದರೆ ನಾನು ಈಗ ಮೂರೇ ಪ್ರಶ್ನೆ ಹಾಕ್ತೇನೆ. ದುರಸ್ತಿಗೆ ಬೇರೆಯೇ ಬಾಬ್ತು ಇದೆಯೇ, ಅಥವಾ ಅದು ಮಿಕ್ಕ ಹೊನ್ನೇ? ಮೂಲನಿಧಿಯನ್ನು ಮುಟ್ಟದ ಹಾಗೆ, ಅಡವಿಡದ ಹಾಗೆ ಕಟ್ಟಳೆ ಇದೆಯೇ? ಲೆಕ್ಕವನ್ನು ಒಳಗಿನವರಲ್ಲದೆ ಹೊರಗಿನವರೂ ನೋಡ್ತಾರೆಯೇ? ಮೂರನ್ನೂ ಕಲಿಸಿದ್ದು ಬೆಳಗೊಳದ ಕಲ್ಲುಗಳು.

ಶಾಸನದ ಪಡಿಯಚ್ಚು ತೆಗೆಯುವಾಗ ಪ್ರಶಸ್ತಿಯ ಸಾಲುಗಳಿಗೆ ಕೊಡುವ ಗಮನವನ್ನು ದತ್ತಿಯ ವಿವರಕ್ಕೂ ಕೊಡೋಣ. ಯಾವ ಗದ್ದೆ, ಎಷ್ಟು ಮತ್ತರು, ಎಷ್ಟು ಗದ್ಯಾಣ, ಯಾವ ಖರ್ಚಿಗೆ ಎಂಬುದನ್ನು ಬರೆದಿಡೋಣ. ನಿಮ್ಮೂರಿನ ಶಾಸನದಲ್ಲಿ ಜೀರ್ಣೋದ್ಧಾರಕ್ಕೇ ಎಂದು ಪಾಲು ಬೇರೆ ಮಾಡಿ ಹೇಳಿದ್ದರೆ ದಯವಿಟ್ಟು ಗುರುತು ಹಾಕಿಕೊಳ್ಳಿ. ಮತ್ತೆ ಸಾಧ್ಯವಾದರೆ, ಮಳೆಗಾಲಕ್ಕೆ ಮೊದಲು ಒಮ್ಮೆ ಆ ಗುಡಿಯ ಮಾಳಿಗೆಯನ್ನೂ ಹತ್ತಿ ನೋಡಿ.