ಊರಿನ ‘ಸಿಸ್ಟರ್ ಸ್ಕೂಲು’ ನಡೆಯೋದು ಯಾರ ದುಡ್ಡಲ್ಲಿ? ಕೈ ಜೋಡಿಸೋ ಮುಂಚೆ ತಿಳಿದಿರಬೇಕಾದ ವಿಷಯಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕಿನ ಜನ ಕ್ಯಾಥೋಲಿಕ್ ಸಂಸ್ಥೆಯವರು ನಡೆಸೋ ಶಾಲೆಗೆ ‘ಸಿಸ್ಟರ್ ಸ್ಕೂಲು’, ‘ಚರ್ಚ್ ಶಾಲೆ’ ಅಂತಾನೇ ಹೇಳೋದು. ಬೋರ್ಡಿನ ಮೇಲೆ ಯಾವ ಸಂತರ ಹೆಸರಿದ್ರೂ ಆಟೋದವರಿಗೆ ಸಿಸ್ಟರ್ ಸ್ಕೂಲು ಅಂದ್ರೆ ಸಾಕು. ‘ಕಾನ್ವೆಂಟ್’ ಅನ್ನೋ ಪದದ ಅರ್ಥವೇ ಕ್ರೈಸ್ತ ಸನ್ಯಾಸಿನಿಯರು ವಾಸ ಮಾಡೋ ಮನೆ. ಈಗ ನಮ್ಮ ಕಡೆ ಯಾವುದೇ ಇಂಗ್ಲಿಷ್ ಮೀಡಿಯಂ ಶಾಲೆ ಕಾನ್ವೆಂಟೇ, ಗಣಪತಿ ಹೆಸರಿನ ಕಾನ್ವೆಂಟೂ ಉಂಟು.

ಈ ಶಾಲೆಗಳ ಬಗ್ಗೆ ಅಂಗಡಿ ಬೀದಿಯಲ್ಲಿ ಎರಡು ಮಾತು ಕೇಳಿಬರುತ್ತೆ. ಒಂದು, ‘ಅವರಿಗೇನ್ರೀ, ಫಾರಿನ್‌ನಿಂದ ದುಡ್ಡು ಬರುತ್ತೆ’. ಇನ್ನೊಂದು, ‘ನಮ್ಮ ಮಕ್ಕಳು ಓದಿದ ಶಾಲೆ, ಏನಾದ್ರೂ ಮಾಡ್ಬೇಕು ಅಂತಿದೆ, ಆದ್ರೆ ಯಾರನ್ನ ಕೇಳೋದು, ಎಷ್ಟು ಕೊಡೋದು ಗೊತ್ತಾಗಲ್ಲ’. ಮೊದಲನೇ ಮಾತು ನಂಬಿದವರು ಕೈ ಬಿಗಿ ಹಿಡೀತಾರೆ, ಎರಡನೇ ಮಾತಿನವರು ಸುಮ್ನಾಗ್ತಾರೆ. ಇಬ್ಬರಿಂದಲೂ ನಷ್ಟ ಆಗೋದು ನೂರಿನ್ನೂರು ಮಕ್ಕಳಿರೋ ಸಣ್ಣ ಶಾಲೆಗೆ. ಬೆಂಗಳೂರು ಸಿಟಿಯ ದೊಡ್ಡ ಹೆಸರಿನ ಶಾಲೆಗಳ ಲೆಕ್ಕಾಚಾರ ಬೇರೆ, ಅದನ್ನ ಇಲ್ಲಿ ಎತ್ತಲ್ಲ.

ಬರಗಾಲದಿಂದ ಬಂದ ನಂಟು

ನಮ್ಮ ಭಾಗದಲ್ಲಿ ಈ ಸಂಸ್ಥೆಗಳ ಬೇರು ಹುಡುಕಿದ್ರೆ ಧಾತು ಈಶ್ವರ ಬರಗಾಲಕ್ಕೆ ಹೋಗಿ ನಿಲ್ಲುತ್ತೆ. ಧಾತು, ಈಶ್ವರ ಎರಡೂ ಸಂವತ್ಸರದ ಹೆಸರು. 1876ರಿಂದ 78ರವರೆಗೆ ಮಳೆ ಕೈಕೊಟ್ಟು ಹಳೇ ಮೈಸೂರು ಸೀಮೆ ಖಾಲಿಯಾಯ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50.5 ಲಕ್ಷ ಜನ ಇದ್ರು, 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 41.8 ಲಕ್ಷ. ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆ.

ಆಗ ಅಪ್ಪ ಅಮ್ಮನ ಕಳಕೊಂಡ ಮಕ್ಕಳನ್ನ ಫ್ರೆಂಚ್ ಪಾದ್ರಿಗಳು ಅನಾಥಾಲಯಗಳಲ್ಲಿ ಸಾಕಿದ್ರು. ದೊಡ್ಡವರಾದ ಮೇಲೆ ಜಮೀನು ಕೊಟ್ಟು ಊರು ಕಟ್ಟಿ ಕೂರಿಸಿದ್ರು. ಹೆಸರಘಟ್ಟ ರಸ್ತೆ ಕಡೆ ಇರೋ ಸಿಲುವೆಪುರ ಹೀಗೆ ಹುಟ್ಟಿದ ಊರು. ಸಿಲುವೆ ಅಂದ್ರೆ ಶಿಲುಬೆ. ಅದು ನೆಲಮಂಗಲದವರಿಗೆ ದೂರ ಏನಲ್ಲ.

ಅದೇ ಸಿಲುವೆಪುರದಲ್ಲಿ 1975ರಲ್ಲಿ ಜೇನ್ ಸಾಹಿ ಅನ್ನೋರು ‘ಸೀತಾ ಸ್ಕೂಲ್’ ಶುರು ಮಾಡಿದ್ರು. ಅವರ ಪತಿ ಜ್ಯೋತಿ ಸಾಹಿ ಕಲಾವಿದರು. ಅದು ಚರ್ಚಿನ ಶಾಲೆ ಅಲ್ಲ, ಗಾಂಧಿ, ಟ್ಯಾಗೋರ್ ಶಿಕ್ಷಣದ ವಿಚಾರದಲ್ಲಿ ನಂಬಿಕೆ ಇಟ್ಟ ಸಣ್ಣ ಶಾಲೆ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ಕಲೀತಿದ್ರು, ಚಿತ್ರ, ಕೈಕೆಲಸ ಪಾಠದ ಭಾಗವೇ ಆಗಿತ್ತು. ಬರಗಾಲದ ಮಕ್ಕಳಿಗೆ ಅಂತ ಕಟ್ಟಿದ ಊರಲ್ಲಿ ನೂರು ವರ್ಷದ ಮೇಲೆ ಇಂಥ ಶಾಲೆ ನಡೀತು ಅನ್ನೋದು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನೂ ಇಲ್ಲಿ ನೆನೆಯಬೇಕು. 2007ರಲ್ಲಿ ರಾಮನಗರ ಜಿಲ್ಲೆ ಆಗೋವರೆಗೆ ಅದು ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿ ಯೇಸುವಿನ ಕಡೆ ದಿನಗಳ ಕಥೆಯನ್ನ ಊರಿನ ರೈತರೇ ವೇಷ ಹಾಕಿ ಕನ್ನಡದಲ್ಲಿ ನಾಟಕ ಆಡ್ತಾರೆ. ನೂರು ವರ್ಷ ದಾಟಿದ ಪದ್ಧತಿ. ಸಂಬಳ ಇಲ್ಲದೆ ಊರೆಲ್ಲಾ ಸೇರಿ ಒಂದು ಕೆಲಸ ಮಾಡೋದು ಈ ಸಮುದಾಯಕ್ಕೆ ಹೊಸದಲ್ಲ ಅನ್ನೋದಕ್ಕೆ ಈ ಮಾತು.

ಆಡಳಿತದ ವಿಷಯಕ್ಕೆ ಬಂದ್ರೆ, 1940ರಲ್ಲಿ ಮೈಸೂರಿನಿಂದ ಬೇರೆಯಾಗಿ ಬೆಂಗಳೂರು ಧರ್ಮಕ್ಷೇತ್ರ ಆಯ್ತು, 1953ರಲ್ಲಿ ಅದು ಮಹಾಧರ್ಮಕ್ಷೇತ್ರ ಆಯ್ತು. ನಮ್ಮ ಜಿಲ್ಲೆಯ ಚರ್ಚುಗಳು ಇದರ ಕೆಳಗೇ ಬರೋದು. ಆದ್ರೆ ಎಲ್ಲಾ ಶಾಲೆಯೂ ಬಿಷಪ್ಪರ ಕೈಕೆಳಗೆ ಇಲ್ಲ. ಕೆಲವು ಧರ್ಮಕ್ಷೇತ್ರದ ಶಿಕ್ಷಣ ಮಂಡಳಿಯವು, ಕೆಲವು ಸಿಸ್ಟರ್‌ಗಳ ಸಭೆಗಳವು, ಇನ್ನು ಕೆಲವು ಬ್ರದರ್‌ಗಳ ಸಭೆಗಳವು. ದೇಣಿಗೆ ಕೊಡೋರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ರಸೀದಿ ಯಾವ ಸೊಸೈಟಿ, ಯಾವ ಟ್ರಸ್ಟಿನ ಹೆಸರಲ್ಲಿ ಬರುತ್ತೆ?

ದುಡ್ಡಿನ ಲೆಕ್ಕ

ಶಾಲೆಗಳಲ್ಲಿ ಎರಡು ಜಾತಿ. ಅನುದಾನಿತ, ಅನುದಾನರಹಿತ. ಅನುದಾನಿತ ಅಂದ್ರೆ ಸರ್ಕಾರ ಮಂಜೂರಾದ ಹುದ್ದೆಯ ಮೇಷ್ಟ್ರಿಗೆ ಸಂಬಳ ಕೊಡುತ್ತೆ. ಕಟ್ಟಡದ ರಿಪೇರಿ, ಕರೆಂಟ್ ಬಿಲ್ಲು, ಆಯಾ, ವಾಚ್‌ಮನ್ ಖರ್ಚು ಬಹುಪಾಲು ಆಡಳಿತ ಮಂಡಳಿ ತಲೆ ಮೇಲೆ. 1995ರ ನಂತರ ಶುರುವಾದ ಶಾಲೆಗಳಿಗೆ ಅನುದಾನ ಕೊಡಿ ಅನ್ನೋ ಬೇಡಿಕೆ ವರ್ಷಗಳಿಂದ ಹಾಗೇ ಇದೆ. ಹಾಗಾಗಿ ಹೊಸ ಶಾಲೆಗಳೆಲ್ಲಾ ಮಕ್ಕಳ ಫೀಸಿನ ಮೇಲೇ ನಿಂತಿವೆ.

ಹಳೇ ಅನುದಾನಿತ ಶಾಲೆಗಳ ಕಷ್ಟ ಇನ್ನೊಂದು ಥರ. ಮೇಷ್ಟ್ರು ರಿಟೈರ್ಡ್ ಆದ್ರೆ ಆ ಹುದ್ದೆ ತುಂಬೋಕೆ ಸರ್ಕಾರದ ಅನುಮತಿ ಬೇಕು, ಅದು ಬರೋದು ವರ್ಷಗಟ್ಟಲೆ ತಡ. ಅಲ್ಲೀವರೆಗೆ ಗಣಿತ ಯಾರು ಹೇಳಿಕೊಡ್ಬೇಕು? ಶಾಲೆಯವರೇ ಒಬ್ಬರನ್ನ ತಾತ್ಕಾಲಿಕವಾಗಿ ಇಟ್ಕೊತಾರೆ. ಕರಾವಳಿಯಲ್ಲಿ ಇವರನ್ನ ‘ಗೌರವ ಶಿಕ್ಷಕರು’ ಅಂತಾರೆ, ಅಲ್ಲಿನ ಎಷ್ಟೋ ಹಳೇ ಚರ್ಚ್ ಶಾಲೆಗಳಲ್ಲಿ ಹಳೇ ವಿದ್ಯಾರ್ಥಿ ಸಂಘದವರೇ ಚಂದಾ ಎತ್ತಿ ಇವರ ಸಂಬಳ ಕೊಡ್ತಾರೆ. ನಮ್ಮ ಜಿಲ್ಲೆಯಲ್ಲಿ ಈ ಅಭ್ಯಾಸ ಬೆಳೀಬೇಕು ಅಂತ ನನ್ನ ಅನಿಸಿಕೆ. ಆನಿವರ್ಸರಿಗೆ ಶಾಮಿಯಾನ ಹಾಕಿಸೋಕೆ ಹತ್ತು ಜನ ಮುಂದೆ ಬರ್ತಾರೆ, ಗಣಿತದ ಮೇಡಂ ಸಂಬಳಕ್ಕೆ ಒಬ್ಬರೂ ಬರಲ್ಲ. ಶಾಮಿಯಾನದ ಮೇಲೆ ಹೆಸರು ಹಾಕಿಸಬಹುದು, ಸಂಬಳದ ಮೇಲೆ ಆಗಲ್ಲ, ಅದೇ ಕಾರಣ ಇರ್ಬೇಕು.

‘ಸಿಸ್ಟರ್‌ಗಳಿಗೆ ಸಂಬಳ, ಟ್ಯಾಕ್ಸು ಏನೂ ಇಲ್ವಂತೆ’ ಅನ್ನೋ ಮಾತೂ ಇದೆ. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಯಲ್ಲಿರೋ ಸಿಸ್ಟರ್, ಫಾದರ್‌ಗೂ ಸರ್ಕಾರದ ಸಂಬಳ ಬರುತ್ತೆ. ಆಸ್ತಿ ಇಟ್ಕೊಳಲ್ಲ ಅಂತ ವ್ರತ ತಗೊಂಡಿರೋದ್ರಿಂದ ಆ ಹಣ ಅವರ ಸಭೆಗೆ ಹೋಗುತ್ತೆ. ಹಾಗಿದ್ರೂ ಸಂಬಳದಲ್ಲಿ ಟಿಡಿಎಸ್ ಹಿಡೀಲೇಬೇಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಫಾರಿನ್ ದುಡ್ಡು. ವಿದೇಶಿ ದೇಣಿಗೆ ಪಡೆಯೋಕೆ ಎಫ್‌ಸಿಆರ್‌ಎ ಕಾಯ್ದೆ ಅಡಿ ಕೇಂದ್ರ ಗೃಹ ಇಲಾಖೆಯಲ್ಲಿ ನೋಂದಣಿ ಆಗಿರಬೇಕು, ಇಲ್ಲಾಂದ್ರೆ ಮೊದಲೇ ಅನುಮತಿ ತಗೋಬೇಕು. 2020ರ ತಿದ್ದುಪಡಿ ಆದ ಮೇಲೆ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಪಡೆದ ಸಂಸ್ಥೆ ಅದನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗಿಲ್ಲ, ಆಡಳಿತ ಖರ್ಚಿಗೆ ಶೇ 20ಕ್ಕಿಂತ ಹೆಚ್ಚು ಬಳಸೋ ಹಾಗಿಲ್ಲ, ವರ್ಷ ವರ್ಷ ಲೆಕ್ಕ ಸಲ್ಲಿಸಬೇಕು. ಮೊದಲು ದೊಡ್ಡ ಸಂಸ್ಥೆ ತಗೊಂಡು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚ್ತಿದ್ದ ದಾರಿ ಇದರಿಂದ ಮುಚ್ಚಿಹೋಯ್ತು. ಹಾಗಾಗಿ ‘ಫಾರಿನ್‌ನಿಂದ ಬರುತ್ತೆ’ ಅಂತ ಕೈ ಕಟ್ಟಿ ಕೂರೋರು ಆ ಶಾಲೆ ನಡೆಸೋ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇದೆಯಾ ಅಂತ ಒಂದ್ಸಲ ಕೇಳಿ ನೋಡಿ.

ಕೈ ಜೋಡಿಸೋರು ಯಾರು

ಇಂಥ ಶಾಲೆಗಳ ಸುತ್ತ ಸಂಬಳ ಇಲ್ಲದೆ ಓಡಾಡೋರು ಸಾಮಾನ್ಯವಾಗಿ ಮೂರು ಕಡೆಯಿಂದ ಬರ್ತಾರೆ. ಮೊದಲು ಚರ್ಚಿನವರು. ಸಂತ ವಿನ್ಸೆಂಟ್ ಡಿ ಪಾಲ್ ಸಭೆ ಅಂತ ಒಂದಿದೆ, 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಮ್ ಮತ್ತು ಅವರ ಗೆಳೆಯ ವಿದ್ಯಾರ್ಥಿಗಳು ಶುರು ಮಾಡಿದ್ದು. ಈಗ ಪ್ರಪಂಚದ ತುಂಬಾ ಚರ್ಚುಗಳಲ್ಲಿ ಇದರ ಘಟಕಗಳಿವೆ. ಸದಸ್ಯರು ಬಡವರ ಮನೆಗೆ ಖುದ್ದು ಹೋಗ್ತಾರೆ, ರೇಷನ್ನು, ಔಷಧಿ, ಮಕ್ಕಳ ಫೀಸು ನೋಡ್ಕೊತಾರೆ. ಯಾರಿಗೆ ಕೊಟ್ರು ಅಂತ ಡಂಗೂರ ಹೊಡೆಯಲ್ಲ.

ಎರಡನೇದು ಪೋಷಕರು. ಇವರಲ್ಲಿ ಹೆಚ್ಚಿನವರು ಕ್ರೈಸ್ತರೇ ಅಲ್ಲ, ಯಾಕಂದ್ರೆ ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆಯೇ ಸಣ್ಣದು. ಕ್ರೀಡಾಕೂಟಕ್ಕೆ ಟ್ರ್ಯಾಕ್ ಗೆರೆ ಎಳೆಯೋರು, ಜಾತ್ರೆ ದಿನ ಗೇಟಿನ ಮುಂದೆ ಟ್ರಾಫಿಕ್ ನಿಲ್ಸೋರು, ಡ್ಯಾನ್ಸ್ ಡ್ರೆಸ್ಸು ಹೊಲಿದುಕೊಡೋ ಟೈಲರ್ ಅಕ್ಕಂದಿರು, ಡಿಸೆಂಬರ್‌ನಲ್ಲಿ ಗೋದಲಿ ಕಟ್ಟೋಕೆ ಹುಲ್ಲು, ಬಿದಿರು ತಂದುಹಾಕೋ ರೈತರು ಎಲ್ಲಾ ಇವರೇ.

ಮೂರನೇದು ಕಾಲೇಜು ಹುಡುಗರು ಮತ್ತು ಕಂಪನಿಯವರು. ಎನ್‌ಎಸ್‌ಎಸ್ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು, ಜೊತೆಗೆ ಏಳು ದಿನದ ಶಿಬಿರ. ನಾನು ಡಿಗ್ರಿ ಮುಗಿಸಲಿಲ್ಲ, ಶಿಬಿರ ಮಾತ್ರ ಮುಗಿಸಿದೆ, ಶಾಲೆ ಕಾಂಪೌಂಡಿಗೆ ಸುಣ್ಣ ಹೊಡೆದ ಕೈ ಇದು. ನಿಮ್ಮ ಊರಿನ ಶಾಲೆಗೆ ಆಳು ಬೇಕು ಅಂದ್ರೆ ಹತ್ತಿರದ ಪದವಿ ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಗೆ ಎಚ್‌ಎಂ ಕಡೆಯಿಂದ ಒಂದು ಪತ್ರ ಕೊಡಿಸಿ. ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ ಕಡೆ ದೊಡ್ಡ ಕಾರ್ಖಾನೆಗಳಿವೆ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಇರೋ ಕಂಪನಿ ಕಳೆದ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನ ಸಿಎಸ್‌ಆರ್‌ಗೆ ಇಡಬೇಕು ಅಂತ ಕಂಪನಿ ಕಾಯ್ದೆಯಲ್ಲೇ ಇದೆ. ಶೌಚಾಲಯ, ಕುಡಿಯೋ ನೀರು, ಕಂಪ್ಯೂಟರ್ ಇದಕ್ಕೆಲ್ಲಾ ಅಲ್ಲಿ ಕೇಳಬಹುದು.

ಸ್ವಯಂಸೇವೆಗೆ ಹೋಗೋರಿಗೆ

ಅನುದಾನಿತ ಶಾಲೆ ಆಗಿದ್ರೆ ಕೇಂದ್ರ ಶಿಕ್ಷಣ ಸಚಿವಾಲಯದ ‘ವಿದ್ಯಾಂಜಲಿ’ ವೆಬ್‌ಸೈಟ್‌ನಲ್ಲಿ ಹೆಸರು ನೋಂದಾಯಿಸಬಹುದು. 2016ರಲ್ಲಿ ಶುರುವಾದ ಯೋಜನೆ, 2021ರ ಸೆಪ್ಟೆಂಬರ್‌ನಲ್ಲಿ ಹೊಸ ರೂಪದಲ್ಲಿ ಬಂತು. ಶಾಲೆಯವರು ತಮಗೆ ಏನು ಬೇಕು ಅಂತ ಹಾಕ್ತಾರೆ, ಪಾಠ ಹೇಳೋಕೆ ಬರ್ತೀನಿ ಅನ್ನೋರು, ಸಾಮಾನು ಕೊಡ್ತೀನಿ ಅನ್ನೋರು ಅಲ್ಲಿಂದಲೇ ಮುಂದೆ ಬರಬಹುದು. ಇದು ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಮಾತ್ರ. ಅನುದಾನರಹಿತ ಆದ್ರೆ ನೇರ ಎಚ್‌ಎಂ ಹತ್ತಿರವೇ ಹೋಗಬೇಕು. ಯಾವುದು ಅಂತ ಗೊತ್ತಿಲ್ಲಾಂದ್ರೆ ಶಾಲೆಯ 11 ಅಂಕಿಯ ಯು-ಡೈಸ್ ನಂಬರ್ ಕೇಳಿ ನೋಡಿ, ಇಲ್ಲಾ ತಾಲ್ಲೂಕಿನ ಬಿಇಒ ಆಫೀಸಿನಲ್ಲಿ ವಿಚಾರಿಸಿ.

ಆಧಾರ್ ಜೆರಾಕ್ಸ್ ಕೊಡಿ, ಪೊಲೀಸ್ ವೆರಿಫಿಕೇಷನ್ ಮಾಡಿಸಿ ಅಂತ ಶಾಲೆಯವರು ಕೇಳಿದ್ರೆ ‘ನಾನು ಇದೇ ಊರೋನು, ನನ್ನನ್ನೇ ಅನುಮಾನಿಸ್ತೀರಾ’ ಅಂತ ಮುನಿಸ್ಕೋಬೇಡಿ. ಕೇಳೋ ಶಾಲೆನೇ ಒಳ್ಳೇ ಶಾಲೆ. ಮಗುವಿನ ಜೊತೆ ಒಬ್ಬರೇ ಮುಚ್ಚಿದ ರೂಮಲ್ಲಿ ಇರಬಾರದು, ಮಕ್ಕಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬಾರದು. ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಪೊಲೀಸರಿಗೆ ಹೇಳಲೇಬೇಕು ಅನ್ನುತ್ತೆ 2012ರ ಪೋಕ್ಸೊ ಕಾಯ್ದೆ. ಈ ಕರ್ತವ್ಯ ಮೇಷ್ಟ್ರಿಗೆ ಮಾತ್ರ ಅಲ್ಲ, ವಿಷಯ ಗೊತ್ತಾದ ಯಾರಿಗೇ ಆಗಲಿ ಇದೆ. ಶಾಲೆ ಮರ್ಯಾದೆ, ಚರ್ಚ್ ಮರ್ಯಾದೆ ಅಂತ ಮುಚ್ಚಿಡೋಕೆ ಕಾನೂನಲ್ಲಿ ಜಾಗ ಇಲ್ಲ. ಮಕ್ಕಳ ಸಹಾಯವಾಣಿ 1098.

ಅಂಗಡಿಯವರಿಗೆ

ಸೀಟು ಕೊಡೋಕೆ ಬದಲಾಗಿ ಹಣ ಕೇಳೋದು ಕ್ಯಾಪಿಟೇಷನ್, ಅದು 1984ರ ರಾಜ್ಯ ಕಾಯ್ದೆ ಪ್ರಕಾರ ಅಪರಾಧ. ಮನಸ್ಸಿಟ್ಟು ಕೊಡೋ ದೇಣಿಗೆ ಬೇರೆ. ಅಡ್ಮಿಷನ್ ಮಾತುಕತೆ ನಡೀತಿರೋವಾಗ ದೇಣಿಗೆ ಕೊಡೋಕೆ ಹೋಗಬೇಡಿ, ಎರಡೂ ಬೆರೆತು ನಿಮಗೂ ಅವರಿಗೂ ತೊಂದರೆ.

ಆದಾಯ ತೆರಿಗೆಯಲ್ಲಿ ನಾವು ‘80ಜಿ’ ಅಂತ ಕರೆಯೋ ರಿಯಾಯಿತಿ ಹಳೇ ತೆರಿಗೆ ಪದ್ಧತಿ ಆರಿಸಿಕೊಂಡೋರಿಗೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ರೆ ಸಿಗಲ್ಲ, ಆದ್ದರಿಂದ ಯುಪಿಐ, ಚೆಕ್ ವಾಸಿ. ಸಾಮಾನಿನ ರೂಪದಲ್ಲಿ ಕೊಟ್ಟಿದ್ದಕ್ಕೂ ಸಿಗಲ್ಲ. ಸಂಸ್ಥೆಗೆ ಆ ನೋಂದಣಿ ಇದೆಯಾ ಅಂತ ಮೊದಲೇ ಕೇಳಿ. ಅಂಗಡಿ ಸ್ಟಾಕಿನಿಂದ ಸ್ಟೀಲ್ ತಟ್ಟೆ, ಬ್ಯಾಗು, ಛತ್ರಿ ತೆಗೆದು ಉಚಿತವಾಗಿ ಕೊಟ್ರೆ, ಆ ಮಾಲಿನ ಮೇಲೆ ತಗೊಂಡ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡಬೇಕು. ಇದನ್ನ ಎಷ್ಟೋ ಜನ ಮರೀತಾರೆ, ಆಮೇಲೆ ಆಡಿಟರ್ ಹತ್ತಿರ ಬೈಸ್ಕೊತಾರೆ.

ಧರ್ಮದ ಪ್ರಶ್ನೆ

ಪೋಷಕರು ಮೆಲ್ಲಗೆ ಕೇಳೋ ಪ್ರಶ್ನೆ ಇದು, ನೇರವಾಗೇ ಬರೀತೀನಿ. ಅಲ್ಪಸಂಖ್ಯಾತರು ತಮ್ಮಿಷ್ಟದ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸೋ ಹಕ್ಕು ಸಂವಿಧಾನದ 30ನೇ ವಿಧಿಯಲ್ಲಿದೆ. ಅದೇ ಸಂವಿಧಾನದ 28(3) ಪ್ರಕಾರ, ಸರ್ಕಾರದ ಮಾನ್ಯತೆ ಇಲ್ಲವೇ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನ ಧಾರ್ಮಿಕ ಬೋಧನೆಗಾಗಲಿ ಪೂಜೆ ಪ್ರಾರ್ಥನೆಗಾಗಲಿ ಕಡ್ಡಾಯವಾಗಿ ಕೂರಿಸೋ ಹಾಗಿಲ್ಲ. 29(2) ಪ್ರಕಾರ ಅನುದಾನಿತ ಶಾಲೆ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಮಾತ್ರ ಪ್ರವೇಶ ನಿರಾಕರಿಸೋ ಹಾಗಿಲ್ಲ. ಕ್ಯಾಥೋಲಿಕ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಅದೇ ಪಿರಿಯಡ್‌ನಲ್ಲಿ ನೀತಿಪಾಠ ಅಂತ ಬೇರೆ ಮಾಡೋದು ಹೆಚ್ಚಿನ ಕಡೆ ಇರೋ ಪದ್ಧತಿ. ನಿಮಗೆ ಬೇಡ ಅನ್ಸಿದ್ರೆ ಜಗಳ ಬೇಡ, ಎಚ್‌ಎಂಗೆ ಬರೆದುಕೊಡಿ.

ಪೋಷಕರಿಗೆ ಆಡಳಿತದಲ್ಲಿ ಎಷ್ಟು ಮಾತಿದೆ ಅನ್ನೋದು ಇನ್ನೊಂದು ಪ್ರಶ್ನೆ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ ಇರೋ ಅಧಿಕಾರ ಇಲ್ಲಿ ಸಿಗಲ್ಲ. ಅಲ್ಪಸಂಖ್ಯಾತ ಶಾಲೆಗಳಲ್ಲಿ ಇಂಥ ಸಮಿತಿ ಸಲಹೆ ಮಾತ್ರ ಕೊಡಬಹುದು ಅಂತ 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ಆಯ್ತು. ಆ ಕಾಯ್ದೆಯೇ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸಲ್ಲ ಅಂತ 2014ರ ಮೇ 6ರಂದು ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಸರಿಯಾ ಅಂತ 2025ರ ಸೆಪ್ಟೆಂಬರ್‌ನಲ್ಲಿ ಇದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಪ್ರಶ್ನೆ ಎತ್ತಿದೆ. ಸದ್ಯಕ್ಕೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳೋದೇ ಉಳಿದಿರೋ ದಾರಿ. ಹತ್ತು ಜನ ಒಟ್ಟಿಗೆ ಕೇಳಿದ್ರೆ ಸಿಸ್ಟರ್‌ಗಳೂ ಕೇಳಿಸ್ಕೊತಾರೆ.

ಯಾವಾಗ ಹೋಗಬೇಕು

ಎಲ್ಲರೂ ಡಿಸೆಂಬರ್‌ನಲ್ಲಿ ಹೋಗ್ತಾರೆ. ಕ್ರಿಸ್‌ಮಸ್ಸು, ಸ್ಕೂಲ್ ಡೇ, ಕೇಕು, ಫೋಟೋ. ಶಾಲೆಗೆ ಕೈ ಕಟ್ಟಿಹೋಗೋ ಕಾಲ ಮೇ ಕೊನೆಯಿಂದ ಜುಲೈ. ಸೂರು ಸೋರುತ್ತೆ, ತಾತ್ಕಾಲಿಕ ಮೇಷ್ಟ್ರನ್ನ ಗೊತ್ತು ಮಾಡಬೇಕು, ಫೀಸು ಇನ್ನೂ ಬಂದಿರಲ್ಲ, ಯೂನಿಫಾರಂ ಇಲ್ಲದ ಮಕ್ಕಳು ಹಿಂದಿನ ಬೆಂಚಲ್ಲಿ ಮುದುರಿ ಕೂತಿರ್ತಾರೆ. ಮಧ್ಯಾಹ್ನ ಮೂರೂವರೆ ನಾಲ್ಕು ಗಂಟೆ ಮೇಲೆ, ಶಾಲೆ ಬಿಟ್ಟ ಹೊತ್ತಲ್ಲಿ ಹೋಗಿ ಎಚ್‌ಎಂ ಸಿಸ್ಟರ್‌ನ ಕಂಡು ‘ಈ ವರ್ಷ ಏನು ಬಾಕಿ ಇದೆ’ ಅಂತ ಕೇಳಿ. ಪಟ್ಟಿ ಅವರ ಟೇಬಲ್ ಮೇಲೇ ಇರುತ್ತೆ.