ನಕಾಶೆಯ ಬೀದಿ, ನಕಾಶೆಯಲ್ಲಿಲ್ಲದ ಕೇರಿ

ಬೀದಿಯ ಚಿತ್ರದಲ್ಲಿ ಸಮಾಜವನ್ನು ಹುಡುಕುವವರು ಮೊದಲು ನೋಡುವುದು ಅದರಲ್ಲಿರುವ ಜನರನ್ನು: ಕುದುರೆಯ ಮೇಲೆ ಯಾರು, ತಲೆಹೊರೆ ಯಾರದು. ಆದರೆ ಮೇಲುಕೀಳಿನ ಗುರುತು ಇನ್ನೂ ಗಟ್ಟಿಯಾಗಿ ಸಿಗುವುದು ಯಾವ ದಾರಿಯನ್ನು ಬರೆದರು, ಯಾವುದನ್ನು ಬಿಟ್ಟರು ಎಂಬುದರಲ್ಲಿ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಬೆಂಗಳೂರನ್ನು ಹಿಡಿಯಿತು. ಆ ಯುದ್ಧಕಾಲದಲ್ಲಿ ಸೇನೆಯ ಜೊತೆಗಿದ್ದ ಚಿತ್ರಕಾರರಾದ ರಾಬರ್ಟ್ ಹೋಮ್ ಮತ್ತು ಜೇಮ್ಸ್ ಹಂಟರ್ ಇಬ್ಬರೂ ಕೋಟೆ, ಅರಮನೆಗಳನ್ನು ಬರೆದರು. ಹಂಟರನ ಚಿತ್ರಗಳಲ್ಲಿ ಬೀದಿಯೂ ಉಂಟು. ಅದು ಅರಮನೆಗೆ ಹೋಗುವ ಬೀದಿ. ಊರನ್ನು ನಡೆಸುತ್ತಿದ್ದವರು ಪೇಟೆಯ ಗಾಣಿಗರು, ಕುಂಬಾರರು, ನೇಕಾರರು. ಆದರೆ ಗೆದ್ದವರ ಕಣ್ಣು ನೆಟ್ಟಿದ್ದು ಗೆದ್ದ ಕಟ್ಟಡಗಳ ಮೇಲೆ.

ನೂರು ವರ್ಷಗಳ ನಂತರ ಬೀದಿಯನ್ನು ಬರೆಯುವವರು ಎಂಜಿನಿಯರುಗಳಾದರು. 1898ರ ಪ್ಲೇಗಿನ ಹೊತ್ತಿಗೆ ಪೇಟೆಯ ಇಕ್ಕಟ್ಟಿನಾಚೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಇಲ್ಲಿ ಕಾಗದದ ಮೇಲೆ ಮೊದಲು ಬೀದಿ, ಆಮೇಲೆ ಮನೆ. ಮನೆಗಳ ಮುಂದೆ ಅಗಲವಾದ ರಸ್ತೆ, ಹಿತ್ತಿಲ ಹಿಂದೆ ಕನ್ಸರ್ವೆನ್ಸಿ ಓಣಿ. ಮಲ ಹೊರುವವರು ಮುಂದಿನ ರಸ್ತೆಗೆ ಕಾಲಿಡದೆ ಬಂದುಹೋಗಲು ಎಳೆದ ಗೆರೆ ಅದು. ಇದು ನೈರ್ಮಲ್ಯದ ಏರ್ಪಾಡು, ಜಾತಿಯದಲ್ಲ ಎನ್ನಬಹುದು. ಪ್ಲೇಗಿನ ಭಯ ಸುಳ್ಳಲ್ಲ, ನಕಾಶೆ ಬರೆದವರಲ್ಲಿ ದುರುದ್ದೇಶವಿತ್ತೆಂದೂ ಹೇಳಬೇಕಾಗಿಲ್ಲ. ಆದರೆ ಹಳೆಯ ಊರಿನಲ್ಲಿ ವಾಡಿಕೆಯಾಗಿದ್ದ ದೂರ ಹೊಸ ಬಡಾವಣೆಯಲ್ಲಿ ಅಡಿಗಳ ಲೆಕ್ಕದ ಅಳತೆಯಾಯಿತು. ಒಳಚರಂಡಿ ಬಂದ ಮೇಲೆ ಓಣಿಗೆ ಕೆಲಸ ತಪ್ಪಿತು. ಕೆಲವು ಒತ್ತುವರಿಯಾದವು, ಕೆಲವು ಬೈಕು ನಿಲ್ಲಿಸುವ ಜಾಗಗಳಾದವು. ಕಸುಬು ಬದಲಾದ ಕಥೆಯನ್ನು ಆ ಗೆರೆಯೇ ಹೇಳುತ್ತದೆ.

ಇದೆಲ್ಲ ಪಟ್ಟಣದ ಮಾತು, ಬಳ್ಳಾರಿ ರಸ್ತೆಯ ಮೇಲಿನ ರಾಂಪುರದಂಥ ಹಳ್ಳಿಗೇನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇಲ್ಲಿಯೇ ಹೆಚ್ಚು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯದ ಭೂಮಾಪನ ಶುರುವಾಯಿತು. ಪಕ್ಕದ ಮದರಾಸು ಪ್ರಾಂತ್ಯದಲ್ಲೂ ಸರ್ವೆಯ ಗುರಿ ಕಂದಾಯವೇ. ಆದ್ದರಿಂದ ಗ್ರಾಮ ನಕಾಶೆಯಲ್ಲಿ ಹೊಲಹೊಲಕ್ಕೂ ಸರ್ವೆ ನಂಬರು, ಹಳ್ಳಕ್ಕೆ, ಕೆರೆಗೆ, ಬಂಡಿದಾರಿಗೆ ಗುರುತು. ಜನ ಬಾಳುವ ಗ್ರಾಮಠಾಣ ಮಾತ್ರ ಸಾಮಾನ್ಯವಾಗಿ ಒಂದೇ ತುಂಡು. ಗೌಡರ ಬೀದಿ, ನೇಕಾರರ ಮನೆಸಾಲು, ಹೊಲಗೇರಿ, ಹಟ್ಟಿ ಎಲ್ಲವೂ ಆ ಒಂದು ಖಾಲಿ ತುಂಡಿನೊಳಗೆ. ಕಂದಾಯವಿಲ್ಲದ ಜಾಗವನ್ನು ಅಳೆಯಲಿಲ್ಲ, ಅಷ್ಟೇ. ಎಲ್ಲರ ಮನೆಯೂ ಬಿಟ್ಟುಹೋಗಿರುವಾಗ ಇದರಲ್ಲಿ ಭೇದವೆಲ್ಲಿ? ಈ ಪ್ರಶ್ನೆ ನ್ಯಾಯವಾದುದು. ಆದರೆ ಹೊಲವಿದ್ದವನ ಹೆಸರು ಪಹಣಿಯಲ್ಲಿ ಉಳಿಯಿತು. ಹೊಲವಿಲ್ಲದವನಿಗೆ ಇದ್ದದ್ದು ಮನೆಯೊಂದೇ, ಅದಕ್ಕೆ ನಕಾಶೆಯಲ್ಲಿ ಗೆರೆಯಿಲ್ಲ. ಒಂದೇ ಖಾಲಿ ಜಾಗ ಒಬ್ಬನಿಗೆ ಲೆಕ್ಕಕ್ಕಿಲ್ಲದ್ದು, ಇನ್ನೊಬ್ಬನಿಗೆ ಸಾಲ ಕೇಳಲೂ ಆಧಾರವಿಲ್ಲದಂತೆ ಮಾಡಿದ್ದು.

2020ರ ಏಪ್ರಿಲ್ 24ರಂದು ಆರಂಭವಾದ ಕೇಂದ್ರ ಸರ್ಕಾರದ ಸ್ವಾಮಿತ್ವ ಯೋಜನೆ ಡ್ರೋನಿನಿಂದ ಗ್ರಾಮಠಾಣದ ಮನೆಗಳನ್ನು ಅಳೆದು ಆಸ್ತಿ ಕಾರ್ಡು ಕೊಡಲು ಹೊರಟಿತು. ಅದು ಮೊದಲು ಜಾರಿಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೇಲಿನಿಂದ ತೆಗೆದ ಚಿತ್ರದಲ್ಲಿ ಗೌಡರ ಸೂರು, ಕೂಲಿಯವನ ಸೂರು ಎರಡಕ್ಕೂ ಒಂದೇ ಬಗೆಯ ಗೆರೆ. ಇದು ಸಣ್ಣ ಬದಲಾವಣೆಯಲ್ಲ. ಆದರೂ ಗ್ರಾಮಠಾಣದ ಗಡಿಯಾಚೆ ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡವರನ್ನು ಈ ಅಳತೆಯೂ ತಾನಾಗಿ ಒಳಗೆ ಕರೆದುಕೊಳ್ಳುವುದಿಲ್ಲ. ಅರಮನೆಯ ಬೀದಿಯಿಂದ ಆಸ್ತಿ ಕಾರ್ಡಿನವರೆಗೆ ಗೆರೆಯ ಒಳಗೆ ಬಂದವರ ಸಂಖ್ಯೆ ಬೆಳೆದಿದೆ. ಗೆರೆ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಅಧಿಕಾರ ಇನ್ನೂ ಅಳೆಯುವವರ ಕೈಯಲ್ಲೇ ಇದೆ.