ಪಕ್ಕದಲ್ಲಿದ್ದ ವಿಮಾನ, ದೂರ ಹೋದ ಮೇಲೆ

ಅಮೀರ್‌ಪೇಟ್‌ನಲ್ಲಿ ಕೋರ್ಸ್ ಮಾಡಿ ಇಲ್ಲೇ ಕೆಲಸಕ್ಕೆ ನಿಂತ ಹಳಬರಿಗೆ ಬೇಗಂಪೇಟೆ ವಿಮಾನ ನಿಲ್ದಾಣ ಪಕ್ಕದ ಓಣಿ ಇದ್ದಂಗಿತ್ತು. 2008ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನಗಳು ಶಂಷಾಬಾದ್‌ಗೆ ಹೋದವು. ಇಲ್ಲಿಂದ ಸುಮಾರು 30 ಕಿ.ಮೀ.

2017ರಲ್ಲಿ ಉಡಾನ್ ವಿಮಾನಗಳು ಹಾರಿದವು. ಗಂಟೆಯ ಹಾರಾಟಕ್ಕೆ, ಒಂದಷ್ಟು ಸೀಟುಗಳಿಗೆ 2,500 ರೂಪಾಯಿ ಮಿತಿ. 2019ರ ನವೆಂಬರ್‌ನಲ್ಲಿ ಕಲಬುರಗಿ ನಿಲ್ದಾಣವೂ ತೆರೆಯಿತು.

ಬೆಂಗಳೂರಿಂದ ಬೀದರ್‌ಗೆ ಸುಮಾರು 700 ಕಿ.ಮೀ.; ಅಲ್ಲಿ ವಿಮಾನ ರಾತ್ರಿಯಿಡೀ ಬಸ್ ಪ್ರಯಾಣ ಉಳಿಸುತ್ತೆ. ಇಲ್ಲಿಂದ ಕಲಬುರಗಿಗೆ ಬರೀ 220. ನೇರ ವಿಮಾನ ಸಿಕ್ಕರೂ ಶಂಷಾಬಾದ್ ದಾರಿ, ಚೆಕ್-ಇನ್, ಊರಾಚೆಯ ನಿಲ್ದಾಣದಿಂದ ಆಟೋ, ಎಲ್ಲಾ ಸೇರಿ ಉಳಿಯೋದು ಅಷ್ಟಕ್ಕಷ್ಟೇ. ಅಮ್ಮನಿಗೆ ಹುಷಾರಿಲ್ಲ ಅಂತ ರಾತ್ರಿ ಫೋನ್ ಬಂದ್ರೆ, ನಾಳೆಯ ವಿಮಾನಕ್ಕಿಂತ ಈಗ ಹೊರಡೋ ಬಸ್ಸೇ ವೇಗ.